ಮೆಸ್ಸಿನ ಗ್ಯಾಸ್ ಡಿಟೆಕ್ಟರ್ ರಿಪೇರಿ: ಟೆಸ್ಟ್ ಬಟನ್ ಕುಂಯ್ ಅಂದ ಮಾತ್ರಕ್ಕೆ ಸೆನ್ಸರ್ ಬದುಕಿದೆ ಅಂತಲ್ಲ

ಮೈಸೂರಲ್ಲಿ ನಮ್ಮ ರಸ್ತೆ ಕೊನೇಲಿರೋ ಒಂದು ಚಿಕ್ಕ ಮೆಸ್ಸಿನ ಗ್ಯಾಸ್ ಲೀಕ್ ಡಿಟೆಕ್ಟರ್ ಬಿಚ್ಚಿ, ಸೆನ್ಸರ್ ಬದಲಾಯಿಸಿ, ಅಳತೆ ಮಾಡಿದ ಗ್ಯಾಸ್ ಕೊಟ್ಟು ಟೆಸ್ಟ್ ಮಾಡಿ ವಾಪಸ್ ಹಾಕಿದ್ದೀನಿ. ಏನೇನು ಮಾಡ್ದೆ ಅಂತ ಬರೀತಿದ್ದೀನಿ, ಯಾಕಂದ್ರೆ ಈ ಥರ ಗೋಡೆಗೆ ಚುಚ್ಚೋ ಡಿಟೆಕ್ಟರ್ ಈಗ ಎಷ್ಟೋ ಮನೇಲಿದೆ, ತಂದು ಹಾಕಿದ ದಿನ ಬಿಟ್ರೆ ಆಮೇಲೆ ಅದನ್ನ ಯಾರೂ ಮುಟ್ಟಲ್ಲ. ಹಸಿರು ಲೈಟ್ ಉರೀತಿದೆ, ಬಟನ್ ಒತ್ತಿದ್ರೆ ಕೂಗತ್ತೆ, ಅಲ್ಲಿಗೆ ಎಲ್ಲ ಸರಿ ಇದೆ ಅಂತ ಬಿಟ್ಬಿಡ್ತೀವಿ. ಈ ಪೀಸ್‌ನಲ್ಲೂ ಅದೆರಡೂ ಸರಿಯಾಗೇ ಇತ್ತು, ಗ್ಯಾಸ್ ಮಾತ್ರ ಅದಕ್ಕೆ ಗೊತ್ತೇ ಆಗ್ತಿರಲಿಲ್ಲ.

ಮೆಸ್ಸಲ್ಲಿ 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಎರಡು, ಒಂದು ಓಡ್ತಿರತ್ತೆ ಒಂದು ಸ್ಪೇರ್. ಅಡುಗೆಮನೆ ಹೆಚ್ಚುಕಮ್ಮಿ ಹತ್ತಡಿ ಹನ್ನೆರಡಡಿ. ಡಿಟೆಕ್ಟರ್ ಇದ್ದಿದ್ದು ಮಿಕ್ಸಿ ಸ್ವಿಚ್‌ಬೋರ್ಡಲ್ಲಿ, ಅಂದ್ರೆ ನೆಲದಿಂದ ನಾಲ್ಕೂವರೆ ಅಡಿ ಮೇಲೆ, ಒಲೆಯಿಂದ ಒಂದು ಮೊಳ ದೂರ. ಮೆಸ್ ನಡೆಸೋ ಅಕ್ಕನ್ನ ಕೇಳ್ದೆ, ಇದು ಯಾವತ್ತಾದ್ರೂ ತಾನಾಗೇ ಕೂಗಿದೆಯಾ ಅಂತ. "ಮೊದಮೊದಲು ಒಗ್ಗರಣೆ ಹಾಕಿದ್ರೆ ಸಾಕು ಬಡ್ಕೊಳ್ತಿತ್ತು ಕಣಪ್ಪ, ಈಗ ಒಂದ್ ವರ್ಷದಿಂದ ತೆಪ್ಪಗಿದೆ, ವಾರಕ್ಕೊಂದ್ಸಲ ಬಟನ್ ಒತ್ತಿ ನೋಡ್ತೀನಿ, ಕುಂಯ್ ಅನ್ನತ್ತೆ, ಚೆನ್ನಾಗೇ ಇದೆಯಲ್ಲ" ಅಂದ್ರು. ಒಗ್ಗರಣೆ ಹೊಗೆಗೆ ಕೂಗ್ತಿದ್ದದ್ದು ಕೂಗೋದು ನಿಲ್ಸಿದೆ ಅಂದಾಗಲೇ ನಂಗೆ ಅನುಮಾನ ಬಂತು. ಅದೇ ಜಾಗ, ಅದೇ ಒಲೆ, ಹಾಗಿರುವಾಗ ಇದ್ದಕ್ಕಿದ್ದಂಗೆ ತೆಪ್ಪಗಾದ್ರೆ ಅದರ ಮೂಗು ಹೋಗಿದೆ ಅಂತಲೇ ಅರ್ಥ.

ಮೊದಲು ಸಿಲಿಂಡರ್ ಕಡೆ ನೋಡ್ದೆ, ಡಿಟೆಕ್ಟರ್ ಆಮೇಲೆ. ಡಿಟೆಕ್ಟರ್ ಕೆಟ್ಟಿರುವಾಗ ನಿಜವಾಗ್ಲೂ ಎಲ್ಲಾದ್ರೂ ಸೋರ್ತಿದ್ರೆ ಏನು ಗತಿ? ಮಗ್ಗಿಗೆ ನೀರು ಹಾಕಿ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಚಮಚ ಕಲಸಿ, ಹಳೇ ಪೇಂಟ್ ಬ್ರಷ್‌ನಲ್ಲಿ ರೆಗ್ಯುಲೇಟರ್ ಸುತ್ತ, ಪೈಪ್ ಎರಡೂ ತುದಿ ಕ್ಲಿಪ್, ಒಲೆ ಕೆಳಗಿನ ಜಾಯಿಂಟ್ ಎಲ್ಲ ಕಡೆ ಹಚ್ಚಿ, ಒಲೆ ನಾಬ್ ಎಲ್ಲ ಬಂದ್ ಮಾಡಿ ರೆಗ್ಯುಲೇಟರ್ ಮಾತ್ರ ಆನ್ ಮಾಡಿ ನೋಡ್ದೆ. ಎಲ್ಲೂ ಗುಳ್ಳೆ ಬರಲಿಲ್ಲ. ಸ್ಪೇರ್ ಸಿಲಿಂಡರ್ ವಾಲ್ವಿನ ಕ್ಯಾಪ್ ತೆಗೆದು ಅಲ್ಲೂ ಒಂಚೂರು ಸೋಪಿನ ನೀರು ಬಿಟ್ಟು ನೋಡ್ದೆ, ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳದಿದ್ರೆ ಅಲ್ಲಿಂದಲೂ ಸೋರತ್ತೆ. ಬೆಂಕಿಕಡ್ಡಿ ಗೀರಿ ನೋಡೋ ಜನ ಇನ್ನೂ ಇದ್ದಾರೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕಿತ್ತಳೆ ಬಣ್ಣದ ಪೈಪ್ ಮೇಲೆ ಪ್ರಿಂಟ್ ಆಗಿರೋ ವರ್ಷ ಓದಿ ನೋಡಿದ್ರೆ ಐದು ವರ್ಷ ದಾಟಿತ್ತು, ಬಿರುಕಿರಲಿಲ್ಲ, ಆದ್ರೂ ಏಜೆನ್ಸಿಯಿಂದ ಹೊಸ ಪೈಪ್ ತರಿಸಿ ಹಾಕಿಸಿದ್ವಿ.

ಆಮೇಲೆ ಡಿಟೆಕ್ಟರ್ ಕಿತ್ಕೊಂಡು ಮನೆಗೆ ಬಂದೆ. ಹಿಂದೆ ಎರಡು ಸ್ಕ್ರೂ, ಮುಂದೆ ಜಾಲರಿ. ಜಾಲರಿ ತೂತುಗಳಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ಹಿಟ್ಟಿನ ಧೂಳು ಕೂತು ಗಟ್ಟಿಯಾಗಿ, ಅರ್ಧಕ್ಕರ್ಧ ತೂತು ಮುಚ್ಚೇ ಹೋಗಿತ್ತು. ಉಗುರಲ್ಲಿ ಕೆರೆದ್ರೆ ಮೇಣದ ಥರ ಎದ್ದು ಬರ್ತಿತ್ತು. ಗ್ಯಾಸ್ ಒಳಗೆ ಹೋಗೋ ದಾರಿಯೇ ಇದು, ದಾರಿ ಮುಚ್ಚಿದ ಮೇಲೆ ಒಳಗಿರೋ ಸೆನ್ಸರ್ ಎಷ್ಟು ಚೆನ್ನಾಗಿದ್ರೂ ಏನು ಬಂತು.

ಒಳಗಿನ ಸರ್ಕ್ಯೂಟ್ ತುಂಬ ಸರಳ. 230 ವೋಲ್ಟಿಂದ 5 ವೋಲ್ಟ್ ಮಾಡೋ ಚಿಕ್ಕ ಎಸ್‌ಎಂಪಿಎಸ್, ಎಂಕ್ಯೂ-6 ಸೆನ್ಸರ್, ಎರಡು ವೋಲ್ಟೇಜ್ ಹೋಲಿಸಿ ನೋಡೋ ಒಂದು ಎಲ್‌ಎಂ393 ಕಂಪೇರೇಟರ್, ಅಲಾರಂ ಮಟ್ಟ ತಿರುಗಿಸಿ ಇಡೋ ಒಂದು ಪ್ರಿಸೆಟ್, ಒಂದು ಟ್ರಾನ್ಸಿಸ್ಟರ್, ಬಜರ್. ಎಂಕ್ಯೂ-6 ಒಳಗೆ ಟಿನ್ ಡೈಆಕ್ಸೈಡ್ ಪದರ ಇರತ್ತೆ, ಅದನ್ನ ಒಂದು ಸಣ್ಣ ಹೀಟರ್ ಸದಾ ಬಿಸಿ ಇಟ್ಟಿರತ್ತೆ. ಶುದ್ಧ ಗಾಳೀಲಿ ಆ ಪದರದ ರೆಸಿಸ್ಟೆನ್ಸ್ ಜಾಸ್ತಿ, ಪ್ರೊಪೇನ್ ಬ್ಯೂಟೇನ್ ತಾಗಿದ್ರೆ ಇಳಿಯತ್ತೆ, ಆಗ ಲೋಡ್ ರೆಸಿಸ್ಟರ್ ಮೇಲಿನ ವೋಲ್ಟೇಜ್ ಏರತ್ತೆ, ಪ್ರಿಸೆಟ್‌ನಲ್ಲಿ ಇಟ್ಟಿರೋ ಮಟ್ಟ ದಾಟಿದ್ರೆ ಬಜರ್ ಕೂಗತ್ತೆ. ಈಗ ಟೆಸ್ಟ್ ಬಟನ್‌ನ ಟ್ರ್ಯಾಕ್ ಹಿಡ್ಕೊಂಡು ಹೋಗಿ ನೋಡಿದ್ರೆ ಅದು ನೇರವಾಗಿ ಬಜರ್ ಟ್ರಾನ್ಸಿಸ್ಟರ್‌ನ ಬೇಸಿಗೆ ಹೋಗಿತ್ತು. ಸೆನ್ಸರ್, ಕಂಪೇರೇಟರ್ ಎರಡನ್ನೂ ಬಿಟ್ಟು! ಅಂದ್ರೆ ಸೆನ್ಸರ್‌ನ ಬಿಚ್ಚಿ ಬಿಸಾಕಿದ್ರೂ ಬಟನ್ ಒತ್ತಿದಾಗ ಇದು ಕುಂಯ್ ಅನ್ನತ್ತೆ. ಹಸಿರು ಎಲ್‌ಇಡಿನೂ ಅಷ್ಟೇ, 5 ವೋಲ್ಟ್ ಲೈನಿಗೆ ರೆಸಿಸ್ಟರ್ ಹಾಕಿ ಕೊಟ್ಟಿದ್ದಾರೆ, ಕರೆಂಟ್ ಇದೆ ಅಂತ ಹೇಳತ್ತೆ, ಬೇರೇನೂ ಇಲ್ಲ. ಎಲ್ಲಾ ಕಂಪನಿ ಪೀಸೂ ಹಿಂಗೇ ಇರಲ್ಲ, ಕೆಲವು ಹೀಟರ್ ಕರೆಂಟ್ ನೋಡ್ಕೊಂಡು ಫಾಲ್ಟ್ ಲೈಟ್ ಹಾಕತ್ತವೆ, ಆದ್ರೆ ಕಡಿಮೆ ರೇಟಿನವು ಬಹಳಷ್ಟು ಹಿಂಗೇ.

ಪವರ್ ಕೊಟ್ಟು ಮೊದಲು ಹೀಟರ್ ಪಿನ್ ಮೇಲೆ ಮೀಟರ್ ಇಟ್ಟೆ. 5 ವೋಲ್ಟ್ ಇರಬೇಕಾದ ಕಡೆ 3.9. ಈ ಥರ ಸೆನ್ಸರ್ ರಿಪೇರಿಲಿ ಮೊದಲು ನೋಡಬೇಕಾದ್ದು ಇದೇ. ಎಂಕ್ಯೂ-6 ಹೀಟರ್ ಸುಮಾರು 33 ಓಮ್, 5 ವೋಲ್ಟಲ್ಲಿ 150 ಮಿಲಿಆಂಪ್ ಎಳೆಯತ್ತೆ, ಮುಕ್ಕಾಲು ವ್ಯಾಟ್. 3.9 ವೋಲ್ಟಲ್ಲಿ ಲೆಕ್ಕ ಹಾಕಿದ್ರೆ 0.46 ವ್ಯಾಟ್, ಅಂದ್ರೆ ಸಿಗಬೇಕಾದ ಬಿಸಿಯಲ್ಲಿ ಶೇಕಡಾ 60ರಷ್ಟೇ ಸಿಗ್ತಿದೆ. ಆ ಪದರ ಸಾಕಷ್ಟು ಬಿಸಿ ಇಲ್ದಿದ್ರೆ ಗ್ಯಾಸ್ ಬಂದ್ರೂ ಸರಿಯಾಗಿ ಪ್ರತಿಕ್ರಿಯೆ ಕೊಡಲ್ಲ. ಎಲ್‌ಇಡಿಗೆ 3.9 ಬೇಕಾದಷ್ಟಾಯ್ತು, ಬಜರ್‌ಗೂ ಸಾಕು, ಅದಕ್ಕೇ ಹೊರಗಿಂದ ನೋಡೋರಿಗೆ ಏನೂ ಗೊತ್ತಾಗಲ್ಲ.

ಕಾರಣ ಹುಡುಕೋಕೆ ಜಾಸ್ತಿ ಹೊತ್ತು ಹಿಡೀಲಿಲ್ಲ, 5 ವೋಲ್ಟ್ ಕಡೆಯ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ತಲೆ ಉಬ್ಬಿತ್ತು. ಒಲೆ ಪಕ್ಕದ ಶಾಖ, ಜೊತೆಗೆ ಪಕ್ಕದಲ್ಲೇ ಸೆನ್ಸರ್‌ದೂ ಶಾಖ, ಸದಾ ಆನ್, ಇನ್ನೇನಾಗತ್ತೆ. 105 ಡಿಗ್ರಿ ರೇಟಿಂಗಿನ 470 ಮೈಕ್ರೋ 16 ವೋಲ್ಟ್ ಹಾಕ್ದೆ, ಹೀಟರ್ ಮೇಲೆ 5.02 ಬಂತು. ಇಲ್ಲಿ ಒಂದು ಎಚ್ಚರಿಕೆ, ಈ ಎಸ್‌ಎಂಪಿಎಸ್‌ನ ಮೇನ್ಸ್ ಕಡೆ ಕೆಪಾಸಿಟರ್‌ನಲ್ಲಿ 320 ವೋಲ್ಟ್ ಮೇಲೆ ಡಿಸಿ ಇರತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯತ್ತೆ, ರೆಸಿಸ್ಟರ್ ಇಟ್ಟು ಡಿಸ್ಚಾರ್ಜ್ ಮಾಡಿ ಮೀಟರಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕಬೇಕು. ಮೇನ್ಸ್ ಕೆಲಸ ಅಭ್ಯಾಸ ಇಲ್ದೋರು ಬಿಚ್ಚೋಕೆ ಹೋಗ್ಬೇಡಿ, ಅಂಥೋರು ಮಾಡಬಹುದಾದ ಟೆಸ್ಟ್ ಕೆಳಗೆ ಬರ್ದಿದ್ದೀನಿ.

ಈಗ ಅಸಲಿ ಪರೀಕ್ಷೆ. ಎಲ್ಲರೂ ಮಾಡೋದು ಲೈಟರ್‌ನ ಜಾಲರಿ ಹತ್ರ ಹಿಡಿದು, ಹೊತ್ತಿಸದೆ ಗ್ಯಾಸ್ ಬಿಡೋದು. ಕೂಗಿದ್ರೆ ಸೆನ್ಸರ್ ಪೂರ್ತಿ ಸತ್ತಿಲ್ಲ ಅಂತ ಗೊತ್ತಾಗತ್ತೆ, ಅದಕ್ಕಿಂತ ಜಾಸ್ತಿ ಏನೂ ಗೊತ್ತಾಗಲ್ಲ. ಯಾಕಂದ್ರೆ ಲೈಟರ್ ಬಾಯಲ್ಲಿ ಬರೋದು ಹೆಚ್ಚುಕಮ್ಮಿ ಶುದ್ಧ ಬ್ಯೂಟೇನ್, ಅರ್ಧ ಸತ್ತಿರೋ ಸೆನ್ಸರ್ ಕೂಡ ಅಷ್ಟಕ್ಕೆ ಕೂಗತ್ತೆ. ನಮಗೆ ಬೇಕಾಗಿರೋದು ಗಾಳೀಲಿ ಒಂಚೂರು ಗ್ಯಾಸ್ ಸೇರಿದಾಗಲೇ, ಅಪಾಯದ ಮಟ್ಟ ಇನ್ನೂ ದೂರ ಇರುವಾಗಲೇ ಕೂಗೋದು. ಬ್ಯೂಟೇನ್ ಗಾಳೀಲಿ ಶೇಕಡಾ 1.8ರಷ್ಟು, ಪ್ರೊಪೇನ್ 2.1ರಷ್ಟು ಆದ್ರೆ ಕಿಡಿ ತಾಗಿದ್ರೆ ಹೊತ್ಕೊಳತ್ತೆ. ಮನೆ ಡಿಟೆಕ್ಟರ್‌ಗಳ ಯುರೋಪಿನ ಸ್ಟ್ಯಾಂಡರ್ಡ್ ಇಎನ್ 50194 ಪ್ರಕಾರ ಅಲಾರಂ ಈ ಮಟ್ಟದ ಶೇಕಡಾ 3ರಿಂದ 20ರ ಒಳಗೇ ಬರಬೇಕು. ನಾನು ಶೇಕಡಾ 10ರ ಆಸುಪಾಸು ಅಂತ ಇಟ್ಕೊಂಡೆ, ಅಂದ್ರೆ ಬ್ಯೂಟೇನ್‌ಗೆ 1800ರಿಂದ 2000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಗ್ಯಾಸ್).

ಅದಕ್ಕೆ ಒಂದು ಡಬ್ಬ ರೆಡಿ ಮಾಡ್ದೆ. ಬಟ್ಟೆ ಇಡೋ ಪ್ಲಾಸ್ಟಿಕ್ ಮುಚ್ಚಳದ ಡಬ್ಬ, ಲೀಟರ್ ಮಗ್ಗಲ್ಲಿ ನೀರು ಅಳೆದು ಹಾಕಿ ನೋಡಿದ್ರೆ ಸರಿಯಾಗಿ 20 ಲೀಟರ್ ಹಿಡೀತಿತ್ತು. ಒರೆಸಿ ಒಣಗಿಸಿ, ಒಳಗೆ ಒಂದು ಮೂಲೇಲಿ ಕಂಪ್ಯೂಟರ್‌ದು 12 ವೋಲ್ಟಿನ ಬ್ರಷ್‌ಲೆಸ್ ಫ್ಯಾನ್ ಇಟ್ಟೆ, ಬ್ಯೂಟೇನ್ ಗಾಳಿಗಿಂತ ಎರಡು ಪಟ್ಟು ಭಾರ, ಕದಡದಿದ್ರೆ ತಳದಲ್ಲೇ ಕೂರತ್ತೆ. ಡಿಟೆಕ್ಟರ್ ವೈರು, ಸೆನ್ಸರ್ ಔಟ್‌ಪುಟ್‌ನಿಂದ ಮೀಟರ್‌ಗೆ ಎರಡು ತೆಳು ವೈರು ಒಂದು ಕಿಂಡಿಯಿಂದ ಆಚೆ ತಂದು ಮಾಸ್ಕಿಂಗ್ ಟೇಪ್ ಸುತ್ತಿದೆ. ಸಿಲಿಕೋನ್ ಸೀಲೆಂಟ್ ಬೇಡವೇ ಬೇಡ, ಅದರ ಆವಿ ಈ ಸೆನ್ಸರ್‌ಗೆ ವಿಷ, ಪದರದ ಮೇಲೆ ಕೂತ್ರೆ ಮತ್ತೆ ಸರಿಹೋಗಲ್ಲ. ಮುಚ್ಚಳದಲ್ಲಿ ಸಣ್ಣ ತೂತು ಮಾಡಿ ಮೆಡಿಕಲ್ ಶಾಪಿನ ಡ್ರಿಪ್ ಪೈಪಿನ ತುಂಡೊಂದನ್ನ ತೂರಿಸಿ, ಅದರ ತುದಿಗೆ 50 ಎಂಎಲ್ ಸಿರಿಂಜ್. ಲೈಟರ್‌ಗೆ ತುಂಬೋ ಬ್ಯೂಟೇನ್ ಕ್ಯಾನ್ ನೆಟ್ಟಗೆ ನಿಲ್ಲಿಸಿ ನಿಧಾನಕ್ಕೆ ಒತ್ತಿದ್ರೆ ಗ್ಯಾಸೇ ಸಿರಿಂಜ್ ಪಿಸ್ಟನ್‌ನ ಹಿಂದೆ ತಳ್ಳತ್ತೆ. ಮೊದಲ ಸಲ ತುಂಬಿದ್ದನ್ನ ಆಚೆ ಬಿಟ್ಟು ಮತ್ತೆ ತುಂಬ್ಬೇಕು, ಇಲ್ಲಾಂದ್ರೆ ಗಾಳಿ ಸೇರಿರತ್ತೆ. ಬರೋ ಗ್ಯಾಸ್ ತಣ್ಣಗಿರತ್ತೆ, ಅರ್ಧ ನಿಮಿಷ ಕೈಲಿ ಹಿಡ್ಕೊಂಡು ರೂಮಿನ ಬಿಸಿಗೆ ಬಂದ ಮೇಲೆ ಅಳತೆ ನೋಡಬೇಕು.

ಲೆಕ್ಕ ಸುಲಭ. 20 ಲೀಟರ್‌ಗೆ 20 ಎಂಎಲ್ ಅಂದ್ರೆ ಸಾವಿರಕ್ಕೊಂದು, 1000 ಪಿಪಿಎಂ. 40 ಎಂಎಲ್ ಅಂದ್ರೆ 2000, ಶೇಕಡಾ 0.2. ಹೊತ್ಕೊಳೋಕೆ ಬೇಕಾದ 1.8ರ ಒಂಬತ್ತರಲ್ಲೊಂದು ಭಾಗ, ಹಾಗಾಗಿ ಡಬ್ಬದೊಳಗೆ ಕಿಡಿ ಬಂದ್ರೂ ಹೊತ್ಕೊಳಲ್ಲ. ಹಾಗಂತ ಮನೆ ಒಳಗೆ ಮಾಡಬಾರ್ದು. ನಾನು ಮಾಡಿದ್ದು ತಾರಸಿ ಮೇಲೆ, ಸುತ್ತ ಬೆಂಕಿ ಇಲ್ಲ, ಫ್ಯಾನ್ ಮೊದಲೇ ಆನ್ ಮಾಡಿ ಆಮೇಲೆ ಗ್ಯಾಸ್‌ನ ನಿಧಾನವಾಗಿ ಬಿಟ್ಟೆ. 40 ಎಂಎಲ್ ಗಡಿ ದಾಟಿಸಬೇಡಿ, ಇನ್ನೊಂದು ಟೆಸ್ಟ್ ಮಾಡೋಕೆ ಮುಂಚೆ ಮುಚ್ಚಳ ತೆಗೆದು ಗಾಳಿ ಆಡಿಸಿ, ಮೇಲಿಂದ ಮೇಲೆ ಸೇರಿಸ್ತಾ ಹೋಗಬೇಡಿ.

ಹಳೇ ಸೆನ್ಸರ್, ಹೊಸ ಕೆಪಾಸಿಟರ್, ಜಾಲರಿ ತೊಳೆದು ಒಣಗಿಸಿದ ಮೇಲೆ: ಶುದ್ಧ ಗಾಳೀಲಿ 0.3 ವೋಲ್ಟ್, 40 ಎಂಎಲ್ ಬಿಟ್ಟು ಒಂದು ನಿಮಿಷ ಕಾದ್ರೂ 1.2ಕ್ಕೆ ಬಂದು ನಿಂತಿತು. ಪ್ರಿಸೆಟ್ ಇದ್ದದ್ದು 2.7ರಲ್ಲಿ, ಕೂಗೋ ಮಾತೇ ಇಲ್ಲ. ಅದೇ ಸೆನ್ಸರ್ ಮುಂದೆ ಲೈಟರ್ ಹಿಡಿದು ನೋಡ್ದೆ, ತಕ್ಷಣ ಕೂಗ್ತು! ಲೈಟರ್ ಟೆಸ್ಟ್ ಒಂದನ್ನೇ ನಂಬಿದ್ರೆ ಈ ಸೆನ್ಸರ್ ಪಾಸ್ ಆಗಿ ಮತ್ತೆ ಗೋಡೆಗೆ ಹೋಗ್ತಿತ್ತು, ಅಡುಗೆಮನೆ ತುಂಬ ಗ್ಯಾಸ್ ತುಂಬೋವರೆಗೂ ಸುಮ್ನೆ ಕೂತಿರ್ತಿತ್ತು. ಬರೀ ಕಡಿಮೆ ಬಿಸಿ ಅಲ್ಲ, ವರ್ಷಾನುಗಟ್ಟಲೆ ಎಣ್ಣೆ ಹೊಗೆ ಕುಡಿದು ಪದರವೇ ಮಂಕಾಗಿದೆ. ಪ್ರಿಸೆಟ್‌ನ ಕೆಳಗಿಳಿಸಿ ಇದನ್ನೇ ಓಡಿಸಬಹುದಲ್ಲ ಅಂತ ಕೇಳೋರಿರ್ತಾರೆ, ಬೇಡ. ಸಾಯ್ತಿರೋ ಸೆನ್ಸರ್ ನಾಳೆ ಇನ್ನೂ ಇಳಿಯತ್ತೆ, ಇವತ್ತಿನ ಸೆಟ್ಟಿಂಗ್ ಆಗ ಉಪಯೋಗಕ್ಕೆ ಬರಲ್ಲ.

ಹೊಸ ಎಂಕ್ಯೂ-6 ಬೆಂಗಳೂರು ಎಸ್‌ಪಿ ರೋಡಿಂದ ತರಿಸಿದೆ, ದುಡ್ಡು ದೊಡ್ಡ ವಿಷಯ ಅಲ್ಲ, ಒಂದೂಟದ ರೇಟು. ಆರು ಕಾಲು, ಎ ಎರಡು, ಬಿ ಎರಡು, ನಡುವಿನವು ಹೀಟರ್, ಎರಡೂ ಕಡೆ ಒಂದೇ ಥರ ಇರೋದ್ರಿಂದ ತಿರುಗಿಸಿ ಹಾಕಿದ್ರೂ ನಡೆಯತ್ತೆ. ಬೆಸುಗೆ ಹಾಕಿ, ಉಳಿದ ಫ್ಲಕ್ಸ್‌ನ ಐಪಿಎ ಅನ್ನೋ ಆಲ್ಕೋಹಾಲಲ್ಲಿ ಒರೆಸಿ, ಪೂರ್ತಿ ಒಣಗೋಕೆ ಬಿಟ್ಟು ಆಮೇಲೆ ಪವರ್ ಕೊಟ್ಟೆ, ಆಲ್ಕೋಹಾಲ್ ಆವಿಗೂ ಈ ಸೆನ್ಸರ್ ಸ್ವಲ್ಪ ಸ್ಪಂದಿಸತ್ತೆ. ಹೊಸದು ಹಾಕಿದ ತಕ್ಷಣ ಅಳೆಯೋಕೆ ಹೋಗಬಾರದು. ಡೇಟಾಶೀಟ್ ಪ್ರಕಾರ 24 ಗಂಟೆ ಮೇಲೆ ಬಿಸಿ ಆಗ್ಬೇಕು. ಶುರುವಿಗೆ ಶುದ್ಧ ಗಾಳೀಲೇ ವೋಲ್ಟೇಜ್ ಮೇಲಿರತ್ತೆ, ಗಂಟೆಗಟ್ಟಲೆ ನಿಧಾನಕ್ಕೆ ಇಳೀತಾ ಹೋಗತ್ತೆ, ಇಳಿಯೋದು ನಿಂತ ಮೇಲೆ ಟೆಸ್ಟ್. ನನ್ನದು 0.45ಕ್ಕೆ ನಿಂತಿತು. 20 ಎಂಎಲ್‌ಗೆ 2.5, 40 ಎಂಎಲ್‌ಗೆ 2.86, ಅದೂ ಹತ್ತು ಹದಿನೈದು ಸೆಕೆಂಡ್ ಒಳಗೆ. ಮುಚ್ಚಳ ತೆಗೆದ್ರೆ ಅಷ್ಟೇ ಬೇಗ ಇಳೀತು. ಪ್ರಿಸೆಟ್‌ನ 2.8ಕ್ಕೆ ಇಟ್ಟೆ, 20 ಎಂಎಲ್‌ಗೆ ಸುಮ್ಮನಿರತ್ತೆ, 40ಕ್ಕೆ ಕೂಗತ್ತೆ. ಇನ್ನೂ ಸೂಕ್ಷ್ಮ ಮಾಡಬಹುದಿತ್ತು, ಮಾಡಲಿಲ್ಲ. ಒಗ್ಗರಣೆ ಹಾಕಿದಾಗೆಲ್ಲ ಕೂಗಿದ್ರೆ ಅಡುಗೆಯವರು ಒಂದಿನ ಪ್ಲಗ್ ಕಿತ್ತು ಪಕ್ಕಕ್ಕಿಡ್ತಾರೆ, ಅವರ ತಪ್ಪಲ್ಲ ಅದು, ನೂರು ಊಟದ ಗಡಿಬಿಡೀಲಿ ಯಾರಾದ್ರೂ ಹಂಗೇ ಮಾಡ್ತಾರೆ. ಪ್ರಿಸೆಟ್ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿ, ಅದು ಒಣಗಿ ವಾಸನೆ ಹೋಗೋವರೆಗೂ ಪವರ್ ಕೊಡ್ಲಿಲ್ಲ. ಟೆಸ್ಟ್ ಬಟನ್ ವೈರಿಂಗನ್ನೂ ಬದಲಾಯಿಸ್ದೆ, ಈಗ ಅದು ಕಂಪೇರೇಟರ್ ಇನ್‌ಪುಟ್‌ನ ರೆಸಿಸ್ಟರ್ ಮೂಲಕ ಮೇಲಕ್ಕೆಳೆಯತ್ತೆ, ಕಂಪೇರೇಟರ್‌ನಿಂದ ಬಜರ್‌ವರೆಗೆ ಚೆಕ್ ಆಗತ್ತೆ. ಸೆನ್ಸರ್ ಚೆಕ್ ಮಾಡೋಕೆ ಮಾತ್ರ ಗ್ಯಾಸೇ ಬೇಕು, ಬೇರೆ ದಾರಿ ಇಲ್ಲ.

ವಾಪಸ್ ಹಾಕುವಾಗ ಜಾಗ ಬದಲಾಯಿಸಿದ್ವಿ. ಎಲ್‌ಪಿಜಿ ನೀರಿನ ಥರ ನೆಲ ಹಿಡಿದು ಹರಿಯತ್ತೆ, ಅದನ್ನ ನಾಲ್ಕೂವರೆ ಅಡಿ ಮೇಲೆ ಕೂತು ಕಾದ್ರೆ ಏನುಪಯೋಗ. ಅಕ್ಕನಿಗೆ ಲೆಕ್ಕ ಹಾಕಿ ತೋರಿಸ್ದೆ: ಈ ಅಡುಗೆಮನೆ ನೆಲದಿಂದ ಒಂದಡಿ ಎತ್ತರದವರೆಗಿನ ಗಾಳಿ ಸುಮಾರು 3400 ಲೀಟರ್, ಅದರಲ್ಲಿ ಶೇಕಡಾ ಎರಡು ಅಂದ್ರೆ 68 ಲೀಟರ್ ಗ್ಯಾಸ್, ತೂಕದಲ್ಲಿ ನೂರೈವತ್ತು ಗ್ರಾಂ ಆಸುಪಾಸು. 19 ಕೆಜಿ ಸಿಲಿಂಡರ್‌ನಲ್ಲಿ ನೂರೈವತ್ತು ಗ್ರಾಂ ಹೋದ್ರೆ ಯಾರಿಗೂ ಗೊತ್ತಾಗಲ್ಲ. "ಅಷ್ಟೇ ಸಾಕಾ?" ಅಂತ ಸ್ವಲ್ಪ ಹೊತ್ತು ಸುಮ್ಮನಾದ್ರು, ಆಮೇಲೆ "ನೀನು ಎಲ್ಲಿ ಹೇಳ್ತೀಯೋ ಅಲ್ಲೇ ಹಾಕು ಕಣಪ್ಪ" ಅಂದ್ರು.

ಸಿಲಿಂಡರ್‌ನಿಂದ ನಾಲ್ಕಡಿ ದೂರ, ನೆಲದಿಂದ ಒಂದಡಿ. ದಿನಾ ರಾತ್ರಿ ನೀರು ಹೊಡೆದು ನೆಲ ತೊಳೀತಾರೆ, ಅದಕ್ಕೆ ಮೇಲೆ ಮತ್ತು ಎರಡು ಪಕ್ಕ ಪ್ಲಾಸ್ಟಿಕ್ ತಗಡಿನ ಮರೆ ಕೊಟ್ಟು, ಕೆಳಗೆ ಮುಂದೆ ಪೂರ್ತಿ ತೆರೆದು ಬಿಟ್ಟಿದ್ದೀನಿ. ಸಾಕೆಟ್ ಮೇಲೆ ಎತ್ತರದಲ್ಲೇ ಇದೆ, ಬರೀ ವೈರ್ ಮಾತ್ರ ಗೋಡೆ ಮೇಲೆ ಕ್ಲಿಪ್ ಹೊಡೆದು ಕೆಳಗೆ ತಂದಿದ್ದು. ಇನ್ವರ್ಟರ್ ಲೈನಿಗೇ ಕೊಟ್ಟಿದ್ದೀವಿ, ಇಲ್ಲಾಂದ್ರೆ ಕರೆಂಟ್ ಹೋಗಿ ಬಂದಾಗೆಲ್ಲ ಸೆನ್ಸರ್ ಮತ್ತೆ ಬಿಸಿಯಾಗೋವರೆಗೂ ಕಾವಲು ಇರಲ್ಲ. ಪೈಪ್ ಗ್ಯಾಸ್ ಇರೋ ಮನೆಯವರು ಇದನ್ನೇ ಅನುಸರಿಸಬೇಡಿ, ಅದು ಮೀಥೇನ್, ಗಾಳಿಗಿಂತ ಹಗುರ, ಡಿಟೆಕ್ಟರ್ ಸೂರಿನ ಹತ್ರ ಇರಬೇಕು, ಸೆನ್ಸರೂ ಬೇರೆ.

ಈ ಪೀಸ್‌ನಲ್ಲಿ ಎಕ್ಸಾಸ್ಟ್ ಫ್ಯಾನ್‌ನ ತಾನಾಗೇ ಆನ್ ಮಾಡೋಕೆ ಅಂತ ಒಂದು ರಿಲೇ ಇತ್ತು, ಅದನ್ನ ಕಿತ್ತು ಹಾಕ್ದೆ. ಗ್ಯಾಸ್ ತುಂಬಿರೋ ಕೋಣೇಲಿ ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಶುರು ಮಾಡೋದು ಅಂದ್ರೆ ಕಿಡಿ ಕೊಟ್ಟಂಗೆ, ಈ ಐಡಿಯಾ ನಂಗೆ ಒಂದು ಚೂರೂ ಇಷ್ಟ ಇಲ್ಲ. ರಿಲೇ ಏನಾದ್ರೂ ಮಾಡಬೇಕಂದ್ರೆ ಗ್ಯಾಸ್ ಲೈನಿನ ಸೊಲೆನಾಯ್ಡ್ ವಾಲ್ವ್ (ಕರೆಂಟಿಂದ ನಡೆಯೋ ವಾಲ್ವ್) ಮುಚ್ಚಬೇಕು, ಅದನ್ನ ಗ್ಯಾಸ್ ಕೆಲಸ ಗೊತ್ತಿರೋರೇ ಹಾಕಬೇಕು. ಕೂಗಿದ್ರೆ ಏನು ಮಾಡ್ಬೇಕು ಅಂತ ಅಡುಗೆ ಮಾಡೋ ಇಬ್ಬರಿಗೂ ಹೇಳ್ಕೊಟ್ಟಿದ್ದೀನಿ: ಒಲೆ ಉರೀತಿದ್ರೆ ಆರಿಸಿ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೀರಿ, ಯಾವ ಸ್ವಿಚ್ಚೂ ಹಾಕಬೇಡಿ ಆರಿಸಬೇಡಿ, ಎಲ್ಲರೂ ಆಚೆ ಬನ್ನಿ, ಆಚೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಅದು ಎಲ್‌ಪಿಜಿ ಲೀಕ್‌ಗೇ ಇರೋ ನಂಬರ್, ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದೀವಿ.

ಮುಂದಿನ ನಿಗಾ ಹಿಂಗೆ. ವಾರಕ್ಕೊಮ್ಮೆ ಬಟನ್. ತಿಂಗಳಿಗೊಮ್ಮೆ ಒಣ ಬ್ರಷ್‌ನಲ್ಲಿ ಜಾಲರಿ ಕ್ಲೀನ್, ಯಾವ ಸ್ಪ್ರೇಯನ್ನೂ ಅದರ ಹತ್ರ ಹೊಡೆಯಂಗಿಲ್ಲ, ಜಿರಳೆ ಸ್ಪ್ರೇ ಹೊಡೆಯೋ ದಿನ, ಪೇಂಟ್ ಮಾಡಿಸೋ ದಿನ ಬಿಚ್ಚಿಟ್ಟು, ಅಡುಗೆಮನೆ ಗಾಳಿ ಆಡಿದ ಮೇಲೆ ಮತ್ತೆ ಹಾಕಬೇಕು, ಆ ಹೊತ್ತಲ್ಲಿ ಒಲೆ ಹಚ್ಚಂಗಿಲ್ಲ. ಆರು ತಿಂಗಳಿಗೊಮ್ಮೆ ಡಬ್ಬದ ಟೆಸ್ಟ್ ನಾನೇ ಮಾಡ್ತೀನಿ. ಬಿಚ್ಚೋಕೆ ಬರದವರು ಇದೇ ಡಬ್ಬ, ಇದೇ ಸಿರಿಂಜ್ ಇಟ್ಕೊಂಡು, ಮೀಟರ್ ಇಲ್ಲದೆ, 40 ಎಂಎಲ್‌ಗೆ ಒಂದು ನಿಮಿಷದೊಳಗೆ ಕೂಗತ್ತಾ ಅಂತ ನೋಡಿದ್ರೂ ಸಾಕು, ಕೂಗದಿದ್ರೆ ಹೊಸದು ತಗೊಳ್ಳಿ, ಅದರ ಹಿಂದೆ ಬರೆದಿರೋ ಆಯುಸ್ಸು ಮುಗಿದಿದ್ರೆ ಟೆಸ್ಟೂ ಬೇಡ, ನೇರ ಬದಲಾಯಿಸಿ. ಡಿಟೆಕ್ಟರ್ ಬೆನ್ನಿಗೆ ಸ್ಟಿಕರ್ ಅಂಟಿಸಿ ಸೆನ್ಸರ್ ಹಾಕಿದ ತಿಂಗಳು, ಹೀಟರ್ 5.02, ಶುದ್ಧ ಗಾಳೀಲಿ 0.45, 40 ಎಂಎಲ್‌ಗೆ 2.86 ಅಂತ ಬರೆದಿಟ್ಟಿದ್ದೀನಿ. ಮುಂದಿನ ಟೆಸ್ಟ್‌ನಲ್ಲಿ ಆ ಕೊನೇ ನಂಬರ್ 2.8ರ ಕೆಳಗೆ ಬಂದ್ರೆ, ಪ್ರಿಸೆಟ್ ಮುಟ್ಟಲ್ಲ, ಸೆನ್ಸರ್‌ನೇ ಬದಲಾಯಿಸ್ತೀನಿ.